ಎರಡು ಟ್ರಾಲಿ ಉದ್ದದ ಜೇಡ

ಬಚ್ಚಲಲ್ಲಿ ಉಗುರಿನಷ್ಟು ಜೇಡ ಕಂಡರೂ ಹೆಂಡತಿಯನ್ನು ಕೂಗುವ ಗಂಡಸು ನಾನು. ಅಂಥವನು ರವಿವಾರ ಬಂತೆಂದರೆ ಗೋಕಾಕದ ನಮ್ಮ ಪಡಸಾಲೆಯಲ್ಲಿ ಕೂತು ರಾಕ್ಷಸ ಜೇಡಗಳನ್ನು ಸೃಷ್ಟಿಸುತ್ತೇನೆ. ಮೇಜಿನ ಸುತ್ತ ಕೂತು ಆಡುವ ಕಥೆಯ ಆಟವಿದು. ಕಾಡು, ಗುಹೆ, ಭೂತಗಳನ್ನು ನಾನು ವರ್ಣಿಸಬೇಕು. ವೀರರಾದವರು ತಾವೇನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸಬೇಕು. ನನ್ನ ವೀರರು ಇಬ್ಬರೇ: ಕುಲಗೋಡದಿಂದ ಬಸ್ಸಿಗೆ ಬರುವ ಇಂಗ್ಲಿಷ್ ಟೀಚರ್ ಕಸ್ತೂರಿ, ಹುಕ್ಕೇರಿ ಕಾಲೇಜಿನಲ್ಲಿ ಗಣಿತ ಕಲಿಸುವ ಸಿದ್ಧಾರ್ಥ.

ನೀವೇ ಹೇಳಿ, ಜೇಡ ಎಷ್ಟು ದೊಡ್ಡದಿದ್ದರೆ ಮನುಷ್ಯ ಹೆದರಬೇಕು? ಕುರಿಯಷ್ಟು ಎಂದೆ. ಕಸ್ತೂರಿಯ ಮನೆಯಲ್ಲಿ ಕುರಿ ಹಿಂಡೇ ಇದೆ. "ತೂಕ ಎಷ್ಟ ಬರ್ತೈತ್ರಿ ಸರ?" ಎಂದು ಕೇಳಿ ಅದರ ಬೆನ್ನು ಹಿಚುಕಿ ನೋಡಲು ಹೊರಟಳು. ಎಮ್ಮೆಯಷ್ಟು ಎಂದೆ. ಕೊಂಬು ಹಿಡಿಯುತ್ತೇನೆ ಎಂದಳು. ಕೊಂಬಿಲ್ಲ ಎಂದರೆ, "ಹಂಗಾದ್ರ ಇನ್ನೂ ಸಲೀಸ ಆತಲ್ರಿ!" ಸಿದ್ಧಾರ್ಥನದು ಬೇರೆ ತಂಟೆ. ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟು, ಕಾಲಿನ ಬಲ ನಾಲ್ಕೇ ಪಟ್ಟು. "ನಮ್ಮನ್ನ ತಿನ್ನೂದಿರ್ಲಿ, ಪಾಪ ಅದಕ್ಕ ಎದ್ದ ನಿಂದ್ರಾಕ ಆಗೂದಿಲ್ರಿ" ಎಂದು ಮರುಗುತ್ತಾನೆ. ಅಷ್ಟು ದೊಡ್ಡ ಜೇಡಕ್ಕೆ ಉಸಿರೂ ಸಾಲದೆಂದು ಬಲ್ಲವರು ಬರೆದಿದ್ದಾರೆ. ಹೆದರಿಸಲು ಸಾಕಿದ ರಾಕ್ಷಸನಿಗೆ ಉಬ್ಬಸ! ಇದಕ್ಕಿಂತ ದುರ್ಗತಿ ಬೇಕೇ?

ಕಳೆದ ರವಿವಾರದ ಸಂಗತಿ ಮಾತ್ರ ನಗುವಂಥದ್ದಲ್ಲ. ಸಿದ್ಧಾರ್ಥನಿಗೆ ಬೀದರಿಗೆ ವರ್ಗವಾಗಿತ್ತು. ಕಡೆಯ ಜೇಡವನ್ನು ಕೊಂದು ವರ್ಷಗಟ್ಟಲೆ ನಡೆದ ಕಥೆಯನ್ನು ಅಂದೇ ಮುಗಿಸಬೇಕಿತ್ತು. ಒಬ್ಬಳೇ ವೀರೆಯಿಂದ ಆಟ ನಡೆಯುವುದಿಲ್ಲ. ಮುಂದೆ ರವಿವಾರಗಳನ್ನು ಏನು ಮಾಡಬೇಕೋ ನನಗೆ ತಿಳಿಯದು. ಹೋಗುವವನು ಒಮ್ಮೆಯಾದರೂ ಹೆದರಿ ಹೋಗಲಿ ಎಂದು ವಾರವಿಡೀ ಅಳತೆಯ ಚಿಂತೆ ಮಾಡಿದೆ. ಕಬ್ಬಿನ ಹಂಗಾಮು. ಸಂಕೇಶ್ವರದ ದಾರಿಯಲ್ಲಿ ಎರಡು ಟ್ರಾಲಿ ಕಟ್ಟಿಕೊಂಡು ತೂಗಾಡುತ್ತ ಬರುವ ಟ್ರ್ಯಾಕ್ಟರ್ ಕಂಡು ಎದೆ ಝಲ್ಲೆಂದಿತು. ಸಿಕ್ಕಿತು ಅಳತೆ, ಅಂದುಕೊಂಡೆ.

"ಎರಡ ಟ್ರಾಲಿ ಕಬ್ಬಿನಷ್ಟ ಜೇಡ. ಎದುರಿಗೇ ಬರಾಕತ್ತೈತಿ!" ಎಂದು ದನಿ ನಡುಗಿಸಿದೆ.

ಇಬ್ಬರೂ ದಾಳ ಮುಟ್ಟಲಿಲ್ಲ. "ಹಂಗಾದ್ರ ಬಾಜೂಕ ಸರದ ನಿಂದ್ರೂಣು. ಹೋಗ್ಲಿ ಅದು," ಎಂದಳು ಕಸ್ತೂರಿ.

ಎರಡು ಟ್ರಾಲಿ ಬಂದರೆ ನಮ್ಮ ಕಡೆ ಯಾರು ಕತ್ತಿ ಹಿರಿಯುತ್ತಾರೆ? ದಾರಿ ಬಿಟ್ಟು ನಿಲ್ಲುತ್ತಾರೆ. ವೀರರಿಬ್ಬರೂ ಕಥೆಯೊಳಗೊಂದು ಬೇವಿನ ಮರ ಹುಡುಕಿ ಕೆಳಗೆ ಕೂತರು. ಯುದ್ಧವಿಲ್ಲ, ಮುಕ್ತಾಯವಿಲ್ಲ. ನನ್ನಷ್ಟು ಕೈಲಾಗದ ಕಥೆಗಾರ ಸುತ್ತಲಿನ ಮೂರು ತಾಲೂಕಿನಲ್ಲಿ ಇರಲಾರ ಎನಿಸಿ ಅಳು ಬಂತು. ಅವರು ಮಾತಾಡುತ್ತಲೇ ಇದ್ದರು. ಬೀದರಿನ ಬಾಡಿಗೆ ಮನೆ, ಕಸ್ತೂರಿಯ ಶಾಲೆಯ ಜಗಳ, ಅದೂ ಇದೂ. ಚಹಾ ಮತ್ತೆ ಮತ್ತೆ ಆಯಿತು.

ಹುಕ್ಕೇರಿ ಬಸ್ಸಿನ ಹೊತ್ತಾಯಿತು. ಸಿದ್ಧಾರ್ಥ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. ನನ್ನ ಮುಖ ನೋಡದೆ ಕೇಳಿದ: "ಸರ, ಅದು ಪೂರಾ ದಾಟಿ ಹೋತೇನ್ರಿ?"

ಗಣಿತದವನು. ಎರಡು ಟ್ರಾಲಿ ದಾಟಲು ಎಷ್ಟು ಹೊತ್ತು ಬೇಕೆಂದು ಅವನಿಗೆ ಗೊತ್ತಿಲ್ಲದೆ ಇಲ್ಲ.

"ಇಲ್ಲಪಾ," ಎಂದೆ. "ಹಿಂದ ಇನ್ನೊಂದ ಟ್ರಾಲಿ ಐತಿ."