ಇಂದೂಬಾಯಿಯವರ ತಾಟು

ಸಂಜನಾ, ಓಂಕಾರ, ನಮ್ಮ ಬಾಗಿಲ ಹಿಂದೆ ತೂಗುಹಾಕಿದ ನೆಗ್ಗಿದ ಊಟದ ತಾಟನ್ನು ಕಂಡು ನೀವು ನಗುತ್ತೀರಲ್ಲ, ಅದು ಇಂದೂಬಾಯಿಯವರದು. ಗಾಜಿಪುರದ ಈ ಓಣಿಯಲ್ಲಿ ನಮ್ಮ ಎದುರುಮನೆಯವರು. ಯಾರ ಮನೆಗೆ ಹೋದರೂ ಅವರ ಕೈ ಮೊದಲು ಸ್ವಿಚ್ಚಿಗೆ ಹೋಗುತ್ತಿತ್ತು. ಖಾಲಿ ಖೋಲಿಯಲ್ಲಿ ತಿರುಗುತ್ತಿದ್ದ ಫ್ಯಾನು ಆರಿಸಿದ ಮೇಲೆಯೇ "ಆರಾಮ ಇದ್ದೀರಿ?" ಎನ್ನುವರು. ತವರು ಕಮಲಾಪುರ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ನಿಮ್ಮ ಅಜ್ಜ ಆಕ್ಸಿಜನ್ ಮಶೀನಿನ ಮೇಲಿದ್ದ ಬೇಸಿಗೆ ಅದು. ನಳಕ್ಕೆ ನೀರು ಬರುವ ದಿನ ಎಲ್ಲ ಮನೆಗಳ ಮೋಟಾರು ಒಮ್ಮೆಲೇ ಶುರುವಾಗುತ್ತಿದ್ದವು, ಮೇಲೆ ಕೂಲರ್ ಬೇರೆ. ಓಣಿಗೆ ಕರೆಂಟು ಹಂಚುವ ಟಿಸಿ ಭಾರ ತಾಳದೆ ಕೈಕೊಡುತ್ತಿತ್ತು. ಮಶೀನು ನಿಂತೊಡನೆ ಅಜ್ಜನ ತುಟಿ ಕಪ್ಪಾಗುತ್ತಿದ್ದವು. ಯಾರದಾದರೂ ಕೈಕಾಲು ಹಿಡಿದು ಸಿಲಿಂಡರ್ ತರಿಸುವವರೆಗೆ ನನ್ನ ಜೀವ ಹೋಗಿ ಬರುತ್ತಿತ್ತು. ಆದರೆ ಮೋಟಾರು ಆರಿಸಿರೆಂದು ಓಣಿಯವರನ್ನು ಕೇಳಲು ನನಗೆ ನಾಲಗೆ ಏಳಲಿಲ್ಲ.

ಕೇಳಿದವರು ಇಂದೂಬಾಯಿ. ಮುಂದಿನ ನಳದ ದಿನ ತಾಟು ಬಡಿಯುತ್ತ ಹೊರಟರು: ಮೊದಲು ಬಲಗಡೆಯವರ ಮೋಟಾರು, ಮತ್ತೆ ತಾಟು ಬಡಿದಾಗ ಎಡಗಡೆಯವರದು. ಹಿಟ್ಟಿನ ಗಿರಣಿಯವನೂ ಎರಡೂ ಪಾಳಿ ಮುಗಿಯುವವರೆಗೆ ಕಾಯಬೇಕು. ಮೂಲೆಮನೆಯ ಯಜಮಾನರು ಹಂಗಿಸಿದರು. ಇದೇನು ಮಕ್ಕಳ ಸಾಲಿ ಬಿಡುವ ಗಂಟೆಯೇ, ನಮ್ಮ ಬಿಲ್ಲು ನಾವು ಕಟ್ಟುತ್ತೇವೆ, ದೊಡ್ಡ ಟಿಸಿ ಕೂಡಿಸಲು ಅರ್ಜಿ ಹಾಕಿದರಾಯಿತು ಎಂದರು.

"ಬಿಲ್ಲು ನಿಮ್ಮದು ಖರೇರಿ, ತಂತಿ ಎಲ್ಲಾರದು," ಎಂದರು ಬಾಯಿ. "ದೊಡ್ಡದು ಕೂಡಿಸಿದ್ರ ಇನ್ನೊಂದಿಷ್ಟು ಹಚ್ಚತೀರಿ. ಅದಕ್ಕ ಇನ್ನೊಂದಿಷ್ಟು ಕಲ್ಲಿದ್ದಲು ಸುಡ್ತಾರ. ಆ ಹೊಗಿನೇ ಬಿಸಿಲಾಗಿ ನಿಮ್ಮ ಮಾಳಗಿ ಮ್ಯಾಲ ಕೂಡ್ತದ. ಒಲಿ ಒಂದೇ ಇದ್ರ ಪಾಳಿ ಹಚ್ಚಬೇಕ್ರಿ. ಅಗೋ, ಆ ಮನ್ಯಾಗ ಒಬ್ಬರು ಮಶೀನಿನ ಮ್ಯಾಲ ಉಸಿರಾಡಾಕತ್ತಾರ."

ಯಜಮಾನರು ಗೊಣಗುತ್ತಲೇ ಒಳಗೆ ಹೋಗಿ ಮೋಟಾರು ಆರಿಸಿದರು. ಆಮೇಲೆ ನಳದ ದಿನ ನಮ್ಮ ಮಶೀನು ನಿಲ್ಲಲಿಲ್ಲ. ಅಜ್ಜ ಓಂಕಾರನ ಮೊದಲ ಕೂದಲು ತೆಗೆಸುವ ಜವಳ ಕಣ್ತುಂಬ ನೋಡಿಯೇ ಹೋದರು. ಹವಾಮಾನ ಕೆಡದಿರಲು ಕರೆಂಟಿನ ಬೇಡಿಕೆಯನ್ನೇ ಹಿಡಿತದಲ್ಲಿಡಬೇಕು ಎಂದು ಸರಕಾರದವರು ಹೇಳುವುದನ್ನು ಈಗ ಪೇಪರಿನಲ್ಲಿ ಓದುತ್ತೇನೆ. ನಮ್ಮ ಓಣಿಗೆ ಆ ಮಾತು ತಾಟಿನ ಸದ್ದಾಗಿ ಮೊದಲೇ ಬಂದಿತ್ತು.

ಮೊಣಕಾಲು ಸೋತ ಮೇಲೆ ಬಾಯಿ ಕಮಲಾಪುರದ ತಮ್ಮನ ಮನೆ ಸೇರಿದರು. ಕಡೆಯ ಸಲ ನೋಡಲು ಹೋದಾಗ, ನನ್ನ ಚೀಲದಲ್ಲಿ ಕೆಂಪು ಬಾಳೆಹಣ್ಣಿನ ಜೊತೆ ಈ ತಾಟನ್ನೂ ಇಟ್ಟರು. ಓಣಿಯಲ್ಲಿ ನನ್ನ ಧ್ವನಿ ಏಳುವುದಿಲ್ಲ ಎಂದೆ.

"ನೀವ್ಯಾಕ ಮಾತಾಡಬೇಕು, ವೈನಿ? ಬಡೀರಿ, ಸಾಕು."

ಬಾಯಿ ಈಗ ಇಲ್ಲ. ನಾಳೆ ನಳ ಬರುತ್ತದೆ. ಎಂದಿನಂತೆ ನಾನು ಬಡಿಯುತ್ತೇನೆ, ಈಗೀಗ ಮೊದಲು ಬಾಗಿಲು ತೆರೆಯುವವರು ಮೂಲೆಮನೆಯ ಯಜಮಾನರೇ. ಇದನ್ನೆಲ್ಲ ಬರೆದ ಈ ಹಾಳೆಗಳನ್ನು ತಾಟಿನ ಹಿಂದೆ ಸಿಕ್ಕಿಸಿಡುತ್ತೇನೆ. ಹಾಳೆ ಜೋಪಾನ ಮಾಡಿರಿ, ಮಕ್ಕಳೇ. ತಾಟು ಮಾತ್ರ ಬಡಿದು ಬಡಿದು ನೆಗ್ಗಿದರೆ ನೆಗ್ಗಲಿ.