ಶಿವಮೂರ್ತಪ್ಪನ ಎಡ ಅಂಗೈ

ಸಿಂಗಟಗೆರೆಯ ಶಿವಮೂರ್ತಪ್ಪನಿಗೆ ಬೇಸಾಯ ಹಿಡಿಸಲಿಲ್ಲ. ತಾಯಿ ಕಲ್ಲಮ್ಮ ಬೈದು ನೋಡಿದಳು, ಅತ್ತು ನೋಡಿದಳು, ಹಿಡಿಸಲಿಲ್ಲ. ಮನೆಯಲ್ಲಿ ತೆಂಗಿತ್ತು, ಕೆರೆ ಹಿಂದೆ ಗದ್ದೆಯಿತ್ತು, ಎರಡು ಜೊತೆ ಎತ್ತಿದ್ದವು. ಇವನು ಮಾತ್ರ ಊರ ಮುಂದೆ ಬಸ್ಸು ಕೆಟ್ಟು ನಿಂತರೆ ಸಾಕು, ಹೂಡಿದ ನೇಗಿಲನ್ನು ಹಾಗೇ ಬಿಟ್ಟು ಬಸ್ಸಿನಡಿ ತೂರಿಕೊಳ್ಳುವ ಆಸಾಮಿ. ಕೊನೆಗೆ ಎಪ್ಪತ್ತೊಂದನೆಯ ಇಸವಿಯಲ್ಲಿ, ಮದುವೆಯಾಗಿ ಆರು ತಿಂಗಳು ತುಂಬುವ ಮೊದಲೇ, ಹೆಂಡತಿ ಕರಿಬಸಮ್ಮನನ್ನು ಕರೆದುಕೊಂಡು ಕಡೂರಿಗೆ ಬಂದುಬಿಟ್ಟ. ಅಲ್ಲಿ ಬಿ.ಎಚ್. ರಸ್ತೆಯ ಮಗ್ಗುಲಲ್ಲಿ ರಾಮಯ್ಯನವರ ಲಾರಿ ವರ್ಕ್‌ಶಾಪಿತ್ತು. ಎರಡೇ ವರ್ಷಕ್ಕೆ ಅಲ್ಲಿನ ದೊಡ್ಡ ಮೆಕ್ಯಾನಿಕ್ಕಾದ.

ಮೆಕ್ಯಾನಿಕ್ಕಿನ ಹೆಂಡತಿಯಾದವಳು ಅರಿಶಿನದ ಡಬ್ಬಿಯನ್ನು ಅಡಿಗೆಗಿಂತ ಗಾಯಕ್ಕೇ ಹೆಚ್ಚು ಸಲ ತೆರೆಯಬೇಕು. ಕರಿಬಸಮ್ಮನಿಗೆ ಇದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಒಂದು ದಿನ ಸ್ಪ್ಯಾನರ್ ಜಾರಿ ಬೆರಳ ಗೆಣ್ಣುಗಳ ಚರ್ಮವೆಲ್ಲ ಕಿತ್ತುಬಂದಿರುತ್ತಿತ್ತು. ಇನ್ನೊಂದು ದಿನ ಜ್ಯಾಕು ವಾಲಿ ಕಾಲಬೆರಳು ನೇರಳೆ ಹಣ್ಣಿನಂತೆ ಊದಿಕೊಂಡಿರುತ್ತಿತ್ತು. ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸುವಾಗ ಅದು ಹಿಂದಕ್ಕೊದ್ದು ಮಣಿಕಟ್ಟು ಉಳುಕಿದ್ದು ಎರಡು ಸಲ. ಬ್ಯಾಟರಿಯ ಆಸಿಡ್ಡಿಗೆ ಅವನ ಒಂದು ಅಂಗಿಯೂ ನೆಟ್ಟಗೆ ಉಳಿದಿರಲಿಲ್ಲ.

"ಯಾವ ಸುಖಕ್ಕೆ ಇಲ್ಲಿಗೆ ಬಂದ್ರೋ ಕಾಣೆ," ಎಂದು ಅವಳು ಗಾಯಕ್ಕೆ ಬಟ್ಟೆ ಸುತ್ತುತ್ತಾ ಗೊಣಗುತ್ತಿದ್ದಳು.

"ಕೈ ಕೆಸರಾದ್ರೆ ಬಾಯಿ ಮೊಸರು ಕಣೇ."

"ಕೆಸರಾಗಿದ್ರೆ ಸುಮ್ನಿರ್ತಿದ್ದೆ. ರಕ್ತ ಆಗೈತೆ."

ಅವನು ನಗುತ್ತಿದ್ದ. ಆಗೆಲ್ಲ ಚೆನ್ನಾಗಿ ನಗುತ್ತಿದ್ದ.

ಗ್ರೀಸು, ಕರಿ ಎಣ್ಣೆ, ಡೀಸೆಲ್ಲು, ಇವುಗಳಲ್ಲೇ ದಿನವೆಲ್ಲ ಮುಳುಗಿರುವವನು ಬೆಳಿಗ್ಗೆ ಮಾತ್ರ ಬೇರೆ ಮನುಷ್ಯನಾಗಿಬಿಡುತ್ತಿದ್ದ. ಸೀಗೆಪುಡಿ ಹಾಕಿ ಅರ್ಧ ಗಂಟೆ ಕೈ ಉಜ್ಜಿ, ಸ್ನಾನ ಮಾಡಿ, ಕಂಬಳಿಯ ಮೇಲೆ ಕೂತು ಕೊರಳಿನ ಬೆಳ್ಳಿಯ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಳ್ಳುತ್ತಿದ್ದ. ಅವರ ಮನೆತನದಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಇಲ್ಲ. ಎಂಟು ವರ್ಷದ ಹುಡುಗನಾಗಿದ್ದಾಗ ಸಿಂಗಟಗೆರೆಯ ಅಯ್ಯನವರು ಅವನ ಕೊರಳಿಗೆ ಶಿವದಾರ ಕಟ್ಟಿ ಹೇಳಿದ ಮಾತು ಅವನ ತಲೆಯಲ್ಲಿ ಕಲ್ಲಿನ ಮೇಲೆ ಬರೆದಂತೆ ಕೂತಿತ್ತು. "ಇವತ್ತಿಂದ ನಿನ್ನ ಎಡ ಅಂಗೈಯೇ ನಿನ್ನ ಗುಡಿ ಕಣಪ್ಪ. ಇದು ಮೈಯಿಂದ ಅಗಲಬಾರದು. ನಿನ್ನ ಮಣ್ಣಿಗಿಡುವಾಗಲೂ ಈ ಲಿಂಗ ಈ ಅಂಗೈಯಲ್ಲೇ ಇರಬೇಕು." ಹಾಗೆಯೇ ನಡೆದುಬಂದ ಪದ್ಧತಿ. ಸತ್ತವರನ್ನು ಗುಣಿಯಲ್ಲಿ ಕೂರಿಸಿ, ಎಡ ಅಂಗೈಗೆ ಲಿಂಗವಿಟ್ಟೇ ಮಣ್ಣು ಮಾಡುತ್ತಿದ್ದದ್ದು.

ರಾಮಯ್ಯನವರಿಗೆ ಮಾತ್ರ ಆ ಕರಡಿಗೆಯದೇ ಭಯ. ಇಂಜಿನ್ ಮೇಲೆ ಬಗ್ಗುವವನ ಕೊರಳಲ್ಲಿ ತೂಗಾಡುವ ವಸ್ತು ಇರಬಾರದು ಎಂದು ಅವರು ಬಡಕೊಳ್ಳುತ್ತಿದ್ದರು. "ಅದನ್ನ ಗೂಡಲ್ಲಿಟ್ಟು ಕೆಲ್ಸ ಮಾಡೋ ಶಿವಮೂರ್ತಿ. ಸಾಯಂಕಾಲ ಹಾಕ್ಕೊಂಡು ಹೋಗು. ನಿನ್ ಶಿವ ಅಷ್ಟರಲ್ಲಿ ಬಸ್ಸು ಹತ್ತಿ ಹೋಗ್ಬಿಡ್ತಾನಾ?"

"ಉಸಿರಿರೋವರ್ಗೂ ಇಳಿಸಂಗಿಲ್ಲ ರಾಮಯ್ನೋರೆ."

ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ಏರ್ಪಾಟಾಯಿತು. ಕರಡಿಗೆಯನ್ನು ಬನಿಯನ್ನಿನೊಳಗೆ ಸೇರಿಸಿ, ಅದರ ಮೇಲೆ ಎದೆಗೆ ಅಡ್ಡಲಾಗಿ ಒಂದು ಟವಲು ಬಿಗಿದು ಕಟ್ಟಿಕೊಂಡೇ ಅವನು ಲಾರಿಯ ಹತ್ತಿರ ಹೋಗುವುದು. ಆರು ವರ್ಷ ಹಾಗೆಯೇ ನಡೆಯಿತು.

ಎಪ್ಪತ್ತೇಳರ ಕಾರ್ತಿಕ. ಅಜ್ಜಂಪುರದ ಕಡೆಯಿಂದ ಈರುಳ್ಳಿ ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಲಾರಿಯೊಂದು ಕಾದು ಕುದಿಯುತ್ತಾ ವರ್ಕ್‌ಶಾಪಿನ ಮುಂದೆ ನಿಂತಿತು. ಡ್ರೈವರ್ ಗಿರಿಯಪ್ಪ ಹಳೆಯ ಪರಿಚಯದವನು. ಅಂದು ನಡೆದದ್ದನ್ನು ಅವನು ಆಮೇಲೆ ಕರಿಬಸಮ್ಮನ ಮುಂದೆ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಹೇಳಿದಷ್ಟೂ ಅವನಿಗೆ ಸಮಾಧಾನವಾಗುತ್ತಿತ್ತೇನೋ.

ರೇಡಿಯೇಟರಿನ ಮುಚ್ಚಳ ಕೆಂಡವಾಗಿತ್ತು. ಬರಿಗೈಲಿ ತೆಗೆದರೆ ಆವಿ ಮುಖಕ್ಕೇ ಹಾರುತ್ತದೆ. ತರೀಕೆರೆಯ ಮೆಕ್ಯಾನಿಕ್ ಒಬ್ಬನ ಕಣ್ಣು ಹಾಗೆಯೇ ಹೋಗಿತ್ತು. ಶಿವಮೂರ್ತಪ್ಪ ಎಚ್ಚರಿಕೆಯ ಮನುಷ್ಯನಲ್ಲವೇ, ಎದೆಗೆ ಕಟ್ಟಿದ ಟವಲು ಬಿಚ್ಚಿ, ನೀರಲ್ಲಿ ನೆನೆಸಿ, ಮಡಿಸಿ, ಮುಚ್ಚಳದ ಮೇಲಿಟ್ಟು ಮೆಲ್ಲಗೆ ತಿರುವಿ ಆವಿ ಬಿಟ್ಟ. ಕೂದಲು ಕೊಂಕಲಿಲ್ಲ. ಒದ್ದೆ ಟವಲನ್ನು ಮಡ್‌ಗಾರ್ಡಿನ ಮೇಲೆ ಹರವಿದ. ನೀರು ತುಂಬಿ, "ಸ್ಟಾರ್ಟ್ ಮಾಡಪ್ಪ" ಎಂದ. ವಾಟರ್ ಪಂಪಿನ ಬೇರಿಂಗು ಸದ್ದು ಮಾಡುತ್ತಿದೆ ಎಂದು ಅವನಿಗೆ ಅನುಮಾನ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸಿ, ಬಗ್ಗಿ ಕೇಳತೊಡಗಿದ. ಫ್ಯಾನಿಗೆ ಅಡ್ಡ ಇರಬೇಕಾದ ಜಾಲರಿಯನ್ನು ಯಾರೋ ಯಾವತ್ತೋ ಕಿತ್ತೆಸೆದಿದ್ದರು. ಕೈಯಾಡಲು ಸಲೀಸು ಎಂದು ಆಗ ಎಲ್ಲರೂ ಮಾಡುತ್ತಿದ್ದ ಕೆಲಸವೇ ಅದು. ಬನಿಯನ್ನಿನ ಕೊರಳು ಜೋತುಬಿದ್ದಿತ್ತು. ಕರಡಿಗೆ ಜಾರಿ ಹೊರಗೆ ಬಂತು.

"ಬೆಳ್ಳಿ ಪಳ್ ಅಂತು ಕಣಕ್ಕ," ಎನ್ನುತ್ತಿದ್ದ ಗಿರಿಯಪ್ಪ. "ಫ್ಯಾನಿಗೆ ಹೋಯ್ತು ಅನ್ನೋದ್ರೊಳಗೆ ಎಡಗೈ ಹಾಕ್ಬಿಟ್ರು. ಹಿಂದಕ್ಕೆ ಸರ್ಕೊಂಡಿದ್ರೆ ದಾರ ಹರಿದು ಲಿಂಗ ಒಂದು ಚೂರಾಗ್ತಿತ್ತು, ಅಷ್ಟೇಯ. ಕೈ ಉಳೀತಿತ್ತು."

ಅಷ್ಟೇಯ ಅಂತೆ. ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು.

ಕರಿಬಸಮ್ಮ ಆಸ್ಪತ್ರೆಗೆ ಓಡಿಬಂದಾಗ ಅವನ ಬಲಮುಷ್ಟಿ ಎದೆಯ ಮೇಲಿತ್ತು. ಒಳಗೆ ಕರಡಿಗೆ. ಬಿಡಿಸಲು ನರ್ಸಮ್ಮನಿಂದಲೂ ಆಗಿರಲಿಲ್ಲ. ಎಡ ಅಂಗೈಯಲ್ಲಿ ಉಳಿಸುವಂಥದ್ದು ಏನೂ ಇಲ್ಲವೆಂದು ಡಾಕ್ಟರು ಮಣಿಕಟ್ಟಿನವರೆಗೆ ತೆಗೆದಿದ್ದರು. ಅವನು ಕಣ್ಣು ಬಿಟ್ಟು, "ಲಿಂಗ ಉಳೀತು ಕಣೇ" ಎಂದ. ಅವಳು ಹೂಂಗುಟ್ಟಿದಳು. ಆ ಲಿಂಗ ಕೂರುವ ಜಾಗವೇ ಹೋಗಿದೆ ಎಂಬುದು ಆ ಕ್ಷಣದಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಮನೆಗೆ ಬಂದ ಮಾರನೆಯ ಬೆಳಿಗ್ಗೆ. ಆಸ್ಪತ್ರೆಯಲ್ಲಿದ್ದ ಮೂರು ವಾರ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಗಂಜಿ ಕುಡಿದಿದ್ದ. ಮನೆಯಲ್ಲಿ ಸ್ನಾನ ಮಾಡಿ ಕಂಬಳಿಯ ಮೇಲೆ ಕೂತ. ಬಲಗೈಯಲ್ಲಿ ಲಿಂಗ ತೆಗೆದ. ಎಡತೋಳನ್ನು ಚಾಚಿದ. ಅಲ್ಲಿ ಬಟ್ಟೆ ಸುತ್ತಿದ ಮೋಟು. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಆ ಮೋಟಿನ ಮೇಲೆಯೇ ಲಿಂಗವನ್ನಿಟ್ಟು ಬಲಗೈಯನ್ನು ವಿಭೂತಿಗೆ ಚಾಚಿದ. ಲಿಂಗ ಉರುಳಿ ನೆಲಕ್ಕೆ ಬಿತ್ತು.

ಕರಿಬಸಮ್ಮ ಒಲೆಯ ಮುಂದಿನಿಂದ ಅದನ್ನು ನೋಡಿದಳು. ಲಿಂಗ ಬಿದ್ದರೆ ಪ್ರಾಣ ಬಿಡಬೇಕು ಎಂದು ಹಳಬರು ಹೇಳುವ ಮಾತನ್ನು ಅವಳೂ ಕೇಳಿದ್ದಳು, ಅವನೂ ಕೇಳಿದ್ದ. ಅವನು ಅದನ್ನೆತ್ತಿ ಎದೆಗೊತ್ತಿಕೊಂಡು ಮಗುವಿನ ಹಾಗೆ ಅತ್ತ. ಕೈ ಹೋದಾಗ ಒಂದು ಹನಿ ಹಾಕದವನು ಅಂದು ಅತ್ತದ್ದು ಅವಳಿಗೆ ಸಾಯುವವರೆಗೂ ಮರೆಯುವಂಥದ್ದಲ್ಲ.

"ಯಾರ್ಗೂ ಹೇಳ್ಬೇಡ," ಎಂದ. "ಅಮ್ಮಂಗೂ ಹೇಳ್ಬೇಡ, ನನ್ ಮೇಲಾಣೆ."

ಅಂದಿನಿಂದ ಬಾಗಿಲು ಹಾಕಿ ಪೂಜೆ. ಲಿಂಗ ಅವನ ಬಲ ಅಂಗೈಯಲ್ಲಿ. ನೀರು ಹಾಕಿ, ವಿಭೂತಿ ಹಚ್ಚಿ, ಪತ್ರೆ ಏರಿಸುವುದು ಕರಿಬಸಮ್ಮ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಗಂಡ ಹೆಂಡತಿಯಾದರೂ ಅಷ್ಟೇ. ಬಲಗೈಯಲ್ಲಿ ಇಟ್ಟುಕೊಳ್ಳುವುದಂತೂ ಅವನು ಕಂಡು ಕೇಳಿದ್ದಲ್ಲ. ಇಷ್ಟೆಲ್ಲ ತಪ್ಪು ಮಾಡಿ ಪೂಜೆ ಮಾಡುವುದಕ್ಕಿಂತ ಬಿಡುವುದು ಮೇಲು ಎನ್ನಿಸುತ್ತಿತ್ತು, ಬಿಟ್ಟರೆ ಊಟ ಮಾಡುವುದು ಹೇಗೆ? ಬಿಸಿ ತುಪ್ಪವಾಗಿಬಿಟ್ಟಿತು ಅದು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕದ್ದು ತಿಂದವನಂತೆ ಉಣ್ಣುತ್ತಿದ್ದ.

ರಾಮಯ್ಯನವರು ದೊಡ್ಡ ಮನಸ್ಸಿನವರು, ಅವನನ್ನು ಬಿಡಲಿಲ್ಲ. "ಕೈ ಒಂದ್ ಹೋದ್ರೇನು, ಕಿವಿ ಎರಡೂ ಅದಾವಲ್ಲ," ಎಂದು ಕರೆಸಿಕೊಂಡರು. ಲಾರಿ ಬಂದು ನಿಂತರೆ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಕಾಯಿಲೆ ಯಾವುದೆಂದು ಹೇಳುತ್ತಿದ್ದ. ಫ್ಯಾನಿನ ಜಾಲರಿ ಇಲ್ಲದ ಗಾಡಿಯನ್ನು ಒಳಕ್ಕೆ ಬಿಡುತ್ತಿರಲಿಲ್ಲ. ಗುಂಡಿ ಹಾಕದ ಅಂಗಿ ಕಂಡರೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಕೆಲಸದವರು ಅವನಿಗೆ ಹೆದರುತ್ತಿದ್ದರು, ಹಿಂದಿನಿಂದ ಸ್ವಲ್ಪ ಆಡಿಕೊಳ್ಳುತ್ತಲೂ ಇದ್ದರು. ಅವನ ಒಳಗೆ ಕೊರೆಯುತ್ತಿದ್ದದ್ದು ಯಾರಿಗೂ ತಿಳಿಯಲಿಲ್ಲ.

ಕರಿಬಸಮ್ಮನಿಗೆ ತಿಳಿದಿತ್ತು. ಉಣ್ಣುತ್ತಾ ಉಣ್ಣುತ್ತಾ ತುತ್ತು ಕೆಳಗಿಟ್ಟು ಕೇಳುವನು, "ನನ್ನ ಮಣ್ಣಿಗಿಡೋವಾಗ ಲಿಂಗ ಎಲ್ಲಿ ಇಡ್ತಾರೆ ಕಣೇ?"

"ಉಣ್ಣೋವಾಗ ಇದೆಂಥ ಮಾತು. ಅಯ್ನೋರನ್ನೇ ಒಂದ್ ಮಾತು ಕೇಳ್ಬಾರ್ದಾ?"

"ಕೇಳಿ, ಇಲ್ಲ ಅಂದ್ಬಿಟ್ರೆ?"

"ಇಲ್ಲ ಯಾಕಂತಾರೆ?"

"ಬಿದ್ದಿದ್ದನ್ನೂ ಹೇಳ್ಬೇಕಾಗುತ್ತಲ್ಲೇ. ಕೊಟ್ಟೋರ ಮುಂದೆ ಸುಳ್ಳು ಹೇಳಕಾಗಲ್ಲ. ಕಿತ್ಕೊಂಡ್ಬಿಟ್ರೆ?"

ವರ್ಷಕ್ಕೊಮ್ಮೆ ಆ ಅಯ್ಯನವರು ಕಡೂರಿನ ಭಕ್ತರ ಮನೆಗಳಿಗೆ ಬರುವ ದಿನ ಶಿವಮೂರ್ತಪ್ಪ ಸಾಮಾನು ತರಬೇಕೆಂದು ತರೀಕೆರೆಗೆ ಹೋಗಿಬಿಡುತ್ತಿದ್ದ. ಮದುವೆ ಮನೆಗಳನ್ನು ಬಿಟ್ಟ, ದೀಕ್ಷೆಯ ಕರೆ ಬಂದರೆ ಜ್ವರ ಎಂದ. ಲಿಂಗವಂತರ ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟ. ಕರಿಬಸಮ್ಮನೇ ಹೋಗಿ ಕೇಳಬಹುದಿತ್ತು. ಆಣೆ ಹಾಕಿಸಿಕೊಂಡಿದ್ದನಲ್ಲ ಮಹಾರಾಯ, ಅವಳ ಬಾಯನ್ನೂ ಕಟ್ಟಿಹಾಕಿದ್ದ.

ಎಂಬತ್ತಮೂರರಲ್ಲಿ ಒಮ್ಮೆ ಅವಳು ಹಟ ಹಿಡಿದು ಸಿಂಗಟಗೆರೆಯ ಬಸ್ಸು ಹತ್ತಿಸಿದಳು. ಅಯ್ಯನವರು ಜಗಲಿಯ ಮೇಲೆ ಕೂತಿದ್ದರು. ಇವನು ಮೋಟುಗೈಯನ್ನು ಟವಲಿನಲ್ಲಿ ಮುಚ್ಚಿಕೊಂಡು ಅಡ್ಡಬಿದ್ದ.

"ಕೈಗೆ ಏಟಾಯ್ತಂತಲ್ಲಪ್ಪ, ಆವಾಗ್ಲೇ ಕೇಳ್ದೆ," ಎಂದರು ಅಯ್ಯನವರು. "ಲಿಂಗಯ್ಯ ಕ್ಷೇಮವಾ?"

"ಕ್ಷೇಮ ಅಯ್ನೋರೆ."

"ಪೂಜೆ ನಡೀತದಾ?"

ಅವನ ತುಟಿ ಅಲುಗಿತು. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದುಕೊಂಡಳು ಕರಿಬಸಮ್ಮ.

"ನಡೀತದೆ," ಎಂದ ಅವನು, ಎದ್ದು ನಿಂತ. ವಾಪಸ್ಸು ಬಸ್ಸಿನಲ್ಲಿ ಯಗಟಿಯ ಕಡೆಯವರು ಕುರಿಮರಿಗಳನ್ನು ಹತ್ತಿಸಿಕೊಂಡಿದ್ದರು, ಅವುಗಳ ಗಲಾಟೆಯಲ್ಲೇ ಕಡೂರು ಬಂತು.

ಎಂಬತ್ತಾರರ ಶ್ರಾವಣದಲ್ಲಿ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂತಿದ್ದವನಿಗೆ ಎದೆ ನೋವು ಬಂತು. ರಾಮಯ್ಯನವರು ಮನೆಗೆ ಕರೆತಂದು ಮಲಗಿಸಿ ಡಾಕ್ಟರನ್ನು ಕರೆಯಲು ಓಡಿದರು. ಅವನು ಕರಿಬಸಮ್ಮನ ಕೈ ಹಿಡಿದು ಮತ್ತೆ ಅದನ್ನೇ ಕೇಳಿದ. "ಎಲ್ಲಿ ಇಡ್ತಾರೆ ಕಣೇ?" ಅವಳು ತೋಚಿದ್ದು ಹೇಳಿದಳು, ನಾನು ನೋಡ್ಕೋತೀನಿ ಸುಮ್ಕಿರಿ ಎಂದಳು. ಅವನ ಮುಖ ನೋಡಿದರೆ ನಂಬಿದಂತೆ ಕಾಣಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಆಗಿಹೋಗಿತ್ತು. ವಯಸ್ಸು ನಲವತ್ತನಾಲ್ಕು.

ಗಿರಿಯಪ್ಪನ ಲಾರಿಯಲ್ಲೇ ಸಿಂಗಟಗೆರೆಗೆ ಒಯ್ದರು. ಅವರ ತೆಂಗಿನ ತೋಟದ ಮೂಲೆಯಲ್ಲಿ ಗುಣಿ ತೆಗೆದು, ವಿಭೂತಿ ಗಟ್ಟಿ ಜೋಡಿಸಿ, ಅವನನ್ನು ಪದ್ಮಾಸನದಲ್ಲಿ ಕೂರಿಸಿದರು. ಕರಿಬಸಮ್ಮ ಗುಣಿಯ ಅಂಚಿಗೇ ಬಂದು ನಿಂತಿದ್ದಳು. ಬೇಡಮ್ಮ ಹಿಂದೆ ಬಾ ಎಂದರೂ ಕದಲಲಿಲ್ಲ. ಗುಣಿಯೊಳಗಿದ್ದ ಮೈದುನ ಕರಿಸಿದ್ದಪ್ಪ ಅಣ್ಣನ ಕೊರಳಿನ ಕರಡಿಗೆ ಬಿಚ್ಚಿ ಲಿಂಗ ತೆಗೆದ. ಎಡತೋಳನ್ನು ನೋಡಿದ. ಕೈ ತಡೆಯಿತು. ತಲೆಯೆತ್ತಿ ಅಯ್ಯನವರ ಮುಖ ನೋಡಿದ.

ಅವಳೂ ಅಯ್ಯನವರ ಕಡೆ ತಿರುಗಿದಳು.

"ಬಲಗೈಲಿ ಇಡಪ್ಪ," ಎಂದರು ಅಯ್ಯನವರು. "ಅದಕ್ಕೇನಂತೆ."

ಕರಿಸಿದ್ದಪ್ಪ ಬಲ ಅಂಗೈಯಲ್ಲಿ ಲಿಂಗವಿಟ್ಟ. ಬೆರಳುಗಳನ್ನು ಮಡಿಸಿದ. ಪತ್ರೆ ಹಾಕಿದರು. ಒಂದು ಬೀಡಿ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ.

"ಅಯ್ನೋರೆ," ಎಂದಳು ಕರಿಬಸಮ್ಮ. "ಬದುಕಿದ್ದೋರೂ ಬಲಗೈಲಿ ಇಟ್ಕೊಂಡು ಪೂಜೆ ಮಾಡ್ಬೋದಾ?"

"ಮಾಡ್ಬೋದು ಕಣಮ್ಮ. ಎಡಗೈ ಇಲ್ದೋನು ಇನ್ನೇನ್ ಮಾಡ್ತಾನೆ?"

"ಹೆಂಡ್ತಿ ನೀರು ಹಾಕಿದ್ರೆ?"

"ಹಾಕ್ಲಿ ಬಿಡು. ಅವಳಲ್ದೆ ಇನ್ಯಾರು ಹಾಕ್ಬೇಕು?"

"ಕೈ ಜಾರಿ ಬಿದ್ದೋಗಿದ್ರೆ?"

ಅಯ್ಯನವರು ಅವಳ ಕಡೆ ತಿರುಗಿದರು. "ಎತ್ಕೊಂಡು ತೊಳೆದು ಮತ್ತೆ ಇಟ್ಕೊಳ್ಳೋದು. ಯಾಕಮ್ಮ ಇದೆಲ್ಲ ಈಗ?"

ಮಣ್ಣು ಹಾಕಲು ಶುರುಮಾಡಿದ್ದರು. ಕರಿಬಸಮ್ಮ ಅಲ್ಲೇ ಅಂಚಿನಲ್ಲಿ ಕೂತಳು.

"ಏನಿಲ್ಲ ಅಯ್ನೋರೆ," ಎಂದಳು. "ಒಂಬತ್ತು ವರ್ಷದಿಂದ ಇವ್ರು ನಿಮ್ಮನ್ನ ಇದನ್ನೇ ಕೇಳ್ಬೇಕು ಅಂತಿದ್ರು."