ಶಿರವಾಡದ ಆಡಿನ ಕೊರಳು

ಸಾವಿತ್ರಕ್ಕ, ನಿನ್ನ ಆಡಿನ ಕೊರಳಲ್ಲಿ ಗಂಟು ಇರಲಿಲ್ಲ. ಅಂಗಳದಲ್ಲಿ ಎಲ್ಲರೆದುರು ಅದರ ದವಡೆಯ ಕೆಳಗೆ ಬೆರಳಿಟ್ಟು ತಡವಿದವನು ನಾನು. ಏನೂ ಸಿಗಲಿಲ್ಲ. ಆದರೂ ‘ಅದೆ’ ಎಂದೆ.

ಇದನ್ನು ಎಷ್ಟೋ ಸಲ ಬೇರೆ ಕಡೆಯಿಂದ ಶುರು ಮಾಡಿ ನೋಡಿದ್ದೇನೆ — ಆಯಿಯ ಹರಕೆಯಿಂದ, ನನ್ನ ಕಾಮಾಲೆಯಿಂದ. ಅಲ್ಲಿಂದ ಹೊರಟರೆ ಒಳ್ಳೆಯ ಮಗನಾಗಿಬಿಡುತ್ತೇನೆ. ಅದು ಬೇಡ.

ಹೆದ್ದಾರಿ ಅಗಲವಾಗುವ ಮೊದಲಿನ ಮಾತು. ಪಶುವೈದ್ಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ನಾನು ರಜೆಗೆ ಹಟ್ಟಿಕೇರಿಗೆ ಬಂದಿದ್ದೆ. ನನ್ನ ಕಾಮಾಲೆ ವಾಸಿಯಾದದ್ದಕ್ಕೆ ಆಯಿ ದೇವಿಗೆ ಒಂದು ಹೋತವನ್ನು ಹರಕೆ ಬಿಟ್ಟಿದ್ದಳು. ಹರಕೆಯದನ್ನು ಯಾರೂ ಕಟ್ಟುವುದಿಲ್ಲ. ಯಾರ ಕೊಟ್ಟಿಗೆಗೆ ನುಗ್ಗಿದರೂ ಓಡಿಸುವುದಿಲ್ಲ. ಅದರ ದವಡೆಯ ಕೆಳಗೆ ನಿಂಬೆಕಾಯಿಯಷ್ಟು ಗಂಟು ಎದ್ದಿತ್ತು. ಊನವಿದ್ದದ್ದನ್ನು ದೇವಿಗೆ ಕೊಡುವಂತಿಲ್ಲ. ಆಯಿ ನೋಡುವ ಮೊದಲೇ ಅದನ್ನು ನಮ್ಮ ಬೇಲಿಯಾಚೆಯ ನಿನ್ನ ಕೊಟ್ಟಿಗೆಯ ಹಿಂದೆ ಹಿಡಿದು ಚಾಕುವಿನಿಂದ ಸೀಳಿದೆ. ಚಾಕು — ಅಥವಾ ಅರ್ಧ ಬ್ಲೇಡು? ನೆನಪು ದಿನಕ್ಕೊಂದನ್ನು ಕೈಗಿಡುತ್ತದೆ. ಕೀವು ಮಾತ್ರ ಬದಲಾಗುವುದಿಲ್ಲ: ಗಟ್ಟಿ, ತುಸು ಹಸಿರು, ಗಿಣ್ಣದ ಹಾಗೆ. ಕೈಯನ್ನು ನಿನ್ನ ಕೊಟ್ಟಿಗೆಯ ಕಂಬಕ್ಕೆ ಒರೆಸಿದೆ.

ಆ ಕೀವು ಏನೆಂದು ಊರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆ ಗಂಟು ತರುವ ರೋಗಾಣುವಿನ ಹೊರಗೋಡೆಯಿಂದಲೇ ನಾವು ಪ್ರಯೋಗಾಲಯದಲ್ಲಿ ಕೊಬ್ಬನ್ನು ಬೇರ್ಪಡಿಸುತ್ತಿದ್ದೆವು. ಮೇಣದಂತೆ ಗಾಜಿಗೆ ಅಂಟುತ್ತಿತ್ತು. ರಕ್ತದ ಬಿಳಿಕಣಗಳು ರೋಗಾಣುವನ್ನು ನುಂಗುತ್ತವೆ, ಆ ಕೊಬ್ಬಿನ ವಿಷಕ್ಕೆ ತಾವೇ ಸಾಯುತ್ತವೆ — ಸತ್ತದ್ದೆಲ್ಲ ಸೇರಿ ಗಂಟು. ಹೊರಗೆ ಬಿದ್ದರೂ ಅದು ಮಣ್ಣಲ್ಲಿ, ಮರದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಗೊತ್ತಿತ್ತು. ಕಂಬ ತೊಳೆಯಲಿಲ್ಲ. ಅಂದು ಜೋರು ಮಳೆ ಬಂತೆಂದು ಬಹಳ ಕಾಲ ನಂಬಿದ್ದೆ. ಎಲ್ಲ ತೊಳೆದುಹೋಗಲಿ ಎಂದು ಆಮೇಲೆ ನಾನೇ ಸುರಿಸಿಕೊಂಡ ಮಳೆ ಅದು.

ಗಾಯ ಮಾಯಿತು, ಹರಕೆ ಸಂದಿತು. ಮುಂದಿನ ರಜೆಗೆ ಬಂದಾಗ ನಿನ್ನ ಮರಿಗಳ ಕೊರಳಲ್ಲಿ ಗಂಟು — ಆ ಕಂಬಕ್ಕೇ ಕುತ್ತಿಗೆ ತಿಕ್ಕುತ್ತಿದ್ದವು. ನೆರೆಯವರ ಆಡುಗಳಿಗೂ ಹಬ್ಬಿತ್ತು. ನಿನ್ನ ತವರಾದ ಶಿರವಾಡದಿಂದ ನಿನ್ನಪ್ಪ ಕೊಟ್ಟ ಆಡು ಆ ನಡುವೆಯೇ ಬಂದಿತ್ತು. ರೋಗ ತಂದದ್ದು ಅದೇ ಎಂದು ಎಲ್ಲರ ಕಣ್ಣು ಅದರ ಮೇಲೆ.

“ಶಿರವಾಡದ ಆಡು, ಶಿರವಾಡದ ಸೊಸಿ. ಎರಡ್ರ ಕುತ್ತಿಗೂ ಬಗ್ಗೂದಿಲ್ಲ,” ಎಂದ ಪಕ್ಕದ ಮನೆಯ ಗಣಪಣ್ಣ. ಅಂಗಳದಲ್ಲಿ ಸೇರಿದ್ದವರೆಲ್ಲ ನಕ್ಕರು.

ನೀನು ನನ್ನ ಕಡೆ ತಿರುಗಿದೆ. “ಅವ್ರ ಮಾತು ಬಿಡು ತಮಾ. ನೀ ಓದ್ದವ. ಮುಟ್ ನೋಡಿ ಹೇಳು.”

ಇಲ್ಲ ಎಂದಿದ್ದರೆ ಮುಂದಿನ ಪ್ರಶ್ನೆ — ಮತ್ತೆ ಎಲ್ಲಿಂದ ಬಂತು? ಆ ಪ್ರಶ್ನೆ ಹೋತದ ಕಡೆಗೆ, ಆಯಿಯ ಹರಕೆಯ ಕಡೆಗೆ, ನನ್ನ ಕೈಯ ಕಡೆಗೆ...

“ಅದೆ. ಸಣ್ಣದು.”

ನೀನು ಯಾರೊಂದಿಗೂ ಜಗಳವಾಡಲಿಲ್ಲ. ಆಡನ್ನು ಅಂಕೋಲೆಯ ಮಾಂಸದಂಗಡಿಗೆ ಕೊಟ್ಟು, ಹಗ್ಗವನ್ನು ಕೈಗೆ ಸುತ್ತಿಕೊಂಡು ಮರಳಿದೆ. ಗಂಟುಗಳು ನಿಲ್ಲಲಿಲ್ಲ. ನಿನ್ನ ಕೊಟ್ಟಿಗೆಯ ಮರಿ ಯಾರಿಗೂ ಬೇಡವಾಯಿತು; ಆಮೇಲೆ ನಿನ್ನ ಕೊಟ್ಟಿಗೆಯೇ ಬರಿದಾಯಿತು.

ಕೊಟ್ಟಿಗೆ ಬರಿದಾಗುವ ಮೊದಲು ಒಂದು ದಿನ, ಬಾವಿಕಟ್ಟೆಯ ಹತ್ತಿರ, ಮರಿಯೊಂದನ್ನು ಎತ್ತಿಕೊಂಡು ನೀನು ಕೇಳಿದೆ: “ಆ ಆಡಿನ ಕುತ್ತಿಗೆ ನಾ ದಿನಾ ತಡವತಿದ್ದೆ ತಮಾ. ನಂಗೆ ಸಿಗ್ಲಿಲ್ಲ. ನಿಂಗೆ ಹ್ಯಾಂಗೆ ಸಿಕ್ತು?”

ದನಿಯಲ್ಲಿ ಸಿಟ್ಟಿರಲಿಲ್ಲ. ಕಲಿಯಲಿಕ್ಕೆ ಕೇಳಿದ ಹಾಗಿತ್ತು. ನಾನು — ಇದನ್ನು ಮಾತ್ರ ನೆನಪು ಎಂದೂ ತಿದ್ದಿಲ್ಲ — ಮರಿಯ ದವಡೆ ಹಿಡಿದು, ಎಲ್ಲಿ ಒತ್ತಬೇಕೆಂದು ನಿನಗೆ ತೋರಿಸಿಕೊಟ್ಟೆ.

ನಾಳೆ ಊರಿಗೆ ಬರುತ್ತಿದ್ದೇನೆ. ಅದೇ ಅಂಗಳದಲ್ಲಿ, ಗಣಪಣ್ಣನನ್ನೂ ಕರೆಸಿ, ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಸಿಕ್ಕಿರಲಿಲ್ಲ, ಸಾವಿತ್ರಕ್ಕ. ನಿನ್ನ ಬೆರಳು ಸರಿಯಾಗಿಯೇ ಇತ್ತು.